ಹಾಜರ್ ರೀ ಟೀಚರ್

ಮಸ್ಕಿ,
ಭಾನುವಾರ, 4 ಮೇ 2025

ಚಿರಂಜೀವಿ ರೂಪಾಳಿಗೆ ಅವ್ವನ ಆಶೀರ್ವಾದಗಳು.

ಅಂಚೆಯಲ್ಲಿ ಲಕೋಟೆ ಬಂತೆಂದು ಗಾಬರಿಯಾಗಬೇಡ. ನಿಮ್ಮಪ್ಪನ ಮೊಣಕಾಲು ನೋವೊಂದು ಬಿಟ್ಟರೆ ನಾವಿಬ್ಬರೂ ಚೆನ್ನಾಗಿದ್ದೇವೆ. ಈ ಪತ್ರ ಯಾವಾಗಲೋ ಬರೆಯಬೇಕಿತ್ತು. ಶಿವರಾತ್ರಿಯ ಮರುದಿನ ಒಮ್ಮೆ ಕೂತೆ. ಯುಗಾದಿಗೆ ನೀನು ಬರುವುದಿಲ್ಲವೆಂದು ತಿಳಿದಾಗ ಇನ್ನೊಮ್ಮೆ ಕೂತೆ. ಎರಡು ಸಲವೂ ಹಾಳೆ ಹರಿದು ಎದ್ದೆ. ಆಮೇಲೆ ಮಕ್ಕಳ ಪರೀಕ್ಷೆ ಬಂತು, ಮೌಲ್ಯಮಾಪನಕ್ಕೆಂದು ರಾಯಚೂರಿಗೆ ಹೋದೆ, ಅಲ್ಲಿಂದ ಬಂದವಳು ಬಿಸಿಲು ಬಡಿದು ನಾಲ್ಕು ದಿನ ಮಲಗಿದೆ. ನೆಪ ಬೇಕೆಂದರೆ ಹೀಗೆ ಸಾಲು ಸಾಲು ಇವೆ. ತಡ ಮಾಡಿದ್ದು ನಾನೇ, ಮನಸ್ಸಿನಲ್ಲಿಟ್ಟುಕೊಳ್ಳಬೇಡ.

ಕಲಬುರಗಿಯ ಹಾಸ್ಟೆಲ್ಲಿನಿಂದ ನೀನು ವಾರಕ್ಕೊಮ್ಮೆ ನಿಮ್ಮಪ್ಪನಿಗೆ ಫೋನ್ ಮಾಡುತ್ತೀ, ಅಷ್ಟು ಸಾಕು ನನಗೆ. ಮೊನ್ನೆ ಅವರು ಮೋಟಾರು ರಿಪೇರಿ ಅಂಗಡಿಯಿಂದ ಬಂದವರೇ ಚಪ್ಪಲಿ ಬಿಡುವ ಮೊದಲೇ, "ಅಕಿ ಚೊಲೊ ಅದಾಳ. ಮೆಸ್ಸಿನ ಸಾರು ಮಾತ್ರ ಬರೇ ನೀರಂತ," ಎಂದರು. ನಾನು ಅಡುಗೆಮನೆಯಿಂದಲೇ ಕೇಳಿಸಿಕೊಂಡೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎರಡನ್ನೂ ಕುಟ್ಟಿಟ್ಟಿದ್ದೇನೆ. ಅವರು ಬರುವಾಗ ತರುತ್ತಾರೆ.

ಈಗ ಸುದ್ದಿ. ತಡೆದುಕೊಂಡು ಇಷ್ಟು ಹೊತ್ತು ಬರೆದದ್ದೇ ಹೆಚ್ಚು. ಪಾಸು ರೂಪಾ, ಪಾಸು! ಒಂಬತ್ತರಲ್ಲಿ ಏಳು! ಶುಕ್ರವಾರ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ನಾನು ಕಂಪ್ಯೂಟರ್ ಅಂಗಡಿಯಲ್ಲಿ ನಿಂತು ಒಂದೊಂದೇ ನಂಬರು ಹೇಳುತ್ತಿದ್ದೆ, ಅಂಗಡಿಯವನು ಒತ್ತುತ್ತಿದ್ದ. ನಾಲ್ಕನೆಯ ನಂಬರನ್ನು ಎರಡು ಸಲ ತಪ್ಪಾಗಿ ಹೇಳಿದೆ, ಅವನೇ ಚೀಟಿ ಇಸಿದುಕೊಂಡು, "ಕೂಡ್ರಿ ಅಕ್ಕೋರ, ನಾ ನೋಡ್ತೀನಿ," ಎಂದ. ಯಮನೂರಮ್ಮನಿಗೆ ವಿಜ್ಞಾನದಲ್ಲಿ ಎಪ್ಪತ್ತೆಂಟು. ಕಾಂಕ್ರೀಟ್ ಮಿಕ್ಸರ್ ಪಕ್ಕದಲ್ಲಿ ಕೂತು ಓದಿದ ಹುಡುಗಿ!

ಯಾವ ಒಂಬತ್ತು, ಯಾವ ಯಮನೂರಮ್ಮ ಎಂದರೆ ನಿನಗೆ ಅರ್ಧ ಗೊತ್ತು. ಇನ್ನರ್ಧ ಹೇಳಲು ನೀನು ಸಿಕ್ಕಿಲ್ಲ. ಅದಕ್ಕೆ ಮೊದಲಿನಿಂದ ಬರೆಯುತ್ತೇನೆ.

ದಸರೆ ರಜೆ ಮುಗಿದ ಮೊದಲ ದಿನ ಸಂತೆಕಲ್ಲೂರಿನ ನಮ್ಮ ಹತ್ತನೇ ತರಗತಿಯಲ್ಲಿ ಹಾಜರಿ ಕರೆದೆ. ಮೂವತ್ತೆರಡು ಹೆಸರು. ಒಂಬತ್ತಕ್ಕೆ ಉತ್ತರವಿಲ್ಲ. "ಗುಳೆ ಹೊಂಟಾರ್ರೀ," ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಹೇಳಿದಳು, ಸಂತೆಗೆ ಹೊರಟಿದ್ದಾರೆ ಎಂದಷ್ಟೇ ಸಲೀಸಾಗಿ. ಮನೆಮಂದಿಯೆಲ್ಲ ಕೆಲಸ ಹುಡುಕಿ ಬೆಂಗಳೂರು, ಗೋವಾ ಎಂದು ಹೊರಟರೆ ಮಕ್ಕಳೂ ಹೊರಟರು. ಪ್ರತಿ ವರ್ಷವೂ ಹೀಗೇ. ಪ್ರತಿ ವರ್ಷ ನಾನು ಆ ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಹಾಕುತ್ತ ಮಾರ್ಚಿಗೆ ಬಂದು ನಿಲ್ಲುತ್ತಿದ್ದೆ.

ಈ ಸಲ ಹಾಗಾಗಲಿಲ್ಲ. ಅದೇ ವಾರ ಬ್ಯಾಂಕಿನ ಕೆಲಸಕ್ಕೆ ಲಿಂಗಸುಗೂರಿಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಯಮನೂರಮ್ಮನ ಅಪ್ಪ ಮಾಳಿಂಗರಾಯ, ಅವ್ವ ಗಂಗಾದೇವಿ, ಜೋಳದ ಹಿಟ್ಟಿನ ಚೀಲ, ಪಾತ್ರೆಯ ಗಂಟು, ಇಬ್ಬರು ಸಣ್ಣ ಮಕ್ಕಳು. ಯಮನೂರಮ್ಮನ ಹೆಗಲಲ್ಲಿ ಶಾಲೆಯ ಚೀಲ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟವಳು ಗಣಿತದ ಪುಸ್ತಕ ಹೊತ್ತು ನಿಂತಿದ್ದಾಳೆ!

ಮಾಳಿಂಗರಾಯ ನನ್ನನ್ನು ಕಂಡು ತಲೆ ತಗ್ಗಿಸಿದ. "ಬೈಬ್ಯಾಡ್ರಿ ಅಕ್ಕೋರ. ನಾವಿಬ್ರೂ ಕೆಲಸಕ್ಕ ನಿಂತ್ರ ಸಣ್ಣವ್ರನ್ನ ಹಿಡ್ಯಾಕ ಅಕಿ ಬೇಕು. ಇಲ್ಲಿ ಒಬ್ಬಾಕಿನ್ನ ಯಾರ ಹಂತೇಲಿ ಬಿಟ್ಟು ಹೋಗ್ಲಿ?"

"ಪರೀಕ್ಷಾ?" ಎಂದೆ. ಅವನು ಬಸ್ಸಿನ ಬೋರ್ಡು ನೋಡತೊಡಗಿದ. ಯಮನೂರಮ್ಮನೇ ಮುಂದೆ ಬಂದು, "ಟೀಚರ್‌ರೀ, ಅಪ್ಪನ ನಂಬರ್ ಬರ್ಕೋರಿ. ದೊಡ್ಡ ಫೋನ್ ಐತಿ," ಎಂದಳು. ನನ್ನ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಮನೆಗೆ ಬರುವಷ್ಟರಲ್ಲಿ ತಲೆಯಲ್ಲಿ ಗುಂಗಿಹುಳ ಸೇರಿತ್ತು. ವಾರದೊಳಗೆ ಒಂಬತ್ತು ಮನೆಯ ನಂಬರು ಕೂಡಿಸಿ ವಾಟ್ಸಾಪ್ ಗ್ರೂಪು ಕಟ್ಟಿದೆ. ಊರಲ್ಲೇ ಇರುವ ಮಕ್ಕಳು ನಮ್ಮನ್ನೂ ಸೇರಿಸಿರಿ ಎಂದು ಗಂಟುಬಿದ್ದರು. ಅವರನ್ನೂ ಸೇರಿಸಿದೆ.

ಮುಖ್ಯೋಪಾಧ್ಯಾಯ ಶಿವಶರಣಪ್ಪನವರು ಮೂಗು ಮುರಿದರು. "ವಾಟ್ಸಾಪ್‌ನ್ಯಾಗ ಪಾಠ ಏನ್ರೀ ಶಿವಲಿಂಗಮ್ಮೋರ? ಮುಂಜಾನೆ ಎದ್ದು ಹೂವಿನ ಚಿತ್ರ ಕಳಸೂದು ಬಿಟ್ರ ಅದರಾಗ ಏನೈತಿ?" ಅವರಿಗೇನು, ನನಗೂ ಒಳಗೊಳಗೆ ಅದೇ ಅನುಮಾನವಿತ್ತು.

ಮೊದಲ ತರಗತಿಯ ಕಥೆ ಕೇಳಿದರೆ ನೀನು ನಗುತ್ತೀ. ಭಾನುವಾರ ಹತ್ತು ಗಂಟೆಗೆ ವಿಡಿಯೋ ತರಗತಿ ಎಂದು ಲಿಂಕ್ ಕಳಿಸಿದ್ದೆ. ಇಸ್ತ್ರಿ ಮಾಡಿದ ಸೀರೆ ಉಟ್ಟೆ. ಹಿಂದೆ ಬಿಳಿ ಚಾದರ ಕಟ್ಟಿದೆ. ನಿಮ್ಮಪ್ಪ ಹಿಟ್ಟಿನ ಡಬ್ಬಿಯ ಮೇಲೆ ಫೋನ್ ನಿಲ್ಲಿಸಿಕೊಟ್ಟರು. ಹತ್ತಾಯಿತು, ಹತ್ತೂವರೆಯಾಯಿತು, ಒಬ್ಬರೂ ಇಲ್ಲ. ಹತ್ತು ನಲವತ್ತಕ್ಕೆ ಒಂದು ಮುಖ ಬಂತು. ದೊಡ್ಡ ಮೀಸೆ! "ಯಾರ್ರೀ ನೀವು?" ಎಂದಿತು ಮೀಸೆ. "ನಾನು ವಿಜ್ಞಾನದ ಟೀಚರ್," ಎಂದೆ. "ನಮಗೇನೂ ಬ್ಯಾಡ್ರೀ," ಎಂದು ಕಟ್ ಮಾಡಿತು. ನಿಮ್ಮಪ್ಪ ಬಾಯಿಗೆ ಟವೆಲ್ಲು ಒತ್ತಿ ಹಿತ್ತಲಿಗೆ ಓಡಿದರು. ನಾನು ಮಾತ್ರ ಚಾದರ ಬಿಚ್ಚುತ್ತ ಅತ್ತುಬಿಟ್ಟೆ.

ಅವತ್ತು ಸಂಜೆ ಗ್ರೂಪಿನಲ್ಲಿ ಒಂದು ಧ್ವನಿ ಸಂದೇಶ ಬಂತು. ಹಿಂದೆ ಗರಗರ ಮಿಕ್ಸರ್ ಸದ್ದು, ಯಾರೋ ಕಬ್ಬಿಣ ಕಡಿಯುವ ಸದ್ದು, ಅದರ ನಡುವೆ ಸಣ್ಣ ದನಿ: "ಹಾಜರ್ ರೀ ಟೀಚರ್. ನಾನ್ರೀ, ಯಮನೂರಮ್ಮ. ಹಗಲೊತ್ನ್ಯಾಗ ಅಪ್ಪ ಫೋನ್ ಒಯ್ದಿರ್ತಾನ್ರೀ. ವಿಡಿಯೋ ನೋಡಿದ್ರ ನೆಟ್ ಖಾಲಿ ಆಕೈತಿ. ನೀವು ಬರೇ ಮಾತಾಡಿ ಕಳಸ್ರಿ, ಕೇಳ್ತೀನಿ."

ಬರೇ ಮಾತಾಡಿ ಕಳಸ್ರಿ! ಇಪ್ಪತ್ತಾರು ವರ್ಷ ಪಾಠ ಮಾಡಿದ ನನಗೆ ಪಾಠ ಹೇಳಿಕೊಟ್ಟವಳು ಅವಳು. ಮರುದಿನದಿಂದ ಎರಡೆರಡು ನಿಮಿಷದ ಧ್ವನಿ ಪಾಠ ಶುರು ಮಾಡಿದೆ. ಒಂದು ಪಾಠಕ್ಕೆ ಒಂದೇ ವಿಷಯ, ಕೊನೆಗೆ ಒಂದೇ ಪ್ರಶ್ನೆ. ಎರಡು ನಿಮಿಷದಲ್ಲಿ ವಿದ್ಯುತ್ ಪ್ರವಾಹ ಹೇಳಿ ಮುಗಿಸಲು ನಾನು ಎಷ್ಟು ಸಲ ತಾಲೀಮು ಮಾಡಿದೆನೆಂದರೆ, ನಿಮ್ಮಪ್ಪನಿಗೂ ಓಮನ ನಿಯಮ ಬಾಯಿಪಾಠವಾಗಿದೆ. "ಮೋಟಾರು ಸುತ್ತಿ ಸುತ್ತಿ ಕೈ ಸವದ್ವು, ಇದರ ಹೆಸರು ಇದು ಅಂತ ಈಗ ಗೊತ್ತಾತು ನೋಡು," ಎಂದು ಖುಷಿಪಟ್ಟರು. ಮಕ್ಕಳು ಸಂಜೆ ಫೋನ್ ಕೈಗೆ ಸಿಕ್ಕಾಗ ಕೇಳಿ, ಮೊದಲು ಹಾಜರಿ ಹೇಳಿ, ಆಮೇಲೆ ಉತ್ತರ ಮಾತಾಡಿ ಕಳಿಸುತ್ತಿದ್ದರು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯರು ಫೋನಿನಲ್ಲಿ ಪಟಪಟ ಮಾತಾಡಿದರು. ಪವನ ಎಂಬ ಹುಡುಗ ಮಾತ್ರ ಯಾವತ್ತೂ ದನಿ ಕಳಿಸಲಿಲ್ಲ, ಬರೆದು ಕಳಿಸುತ್ತಿದ್ದ. ಮಾತಿಗೆ ತೊಡರುತ್ತಾನೆ. ಅದಿರಲಿ.

ಆಮೇಲೆ ಸ್ಟೇಟಸ್ಸಿನ ಹುಚ್ಚು ಹಿಡಿಯಿತು. ಮಕ್ಕಳ ಅಪ್ಪ ಅವ್ವಂದಿರು ಗ್ರೂಪು ತೆರೆಯದಿದ್ದರೂ ಎಲ್ಲರ ಸ್ಟೇಟಸ್ ತಪ್ಪದೆ ನೋಡುತ್ತಾರೆ ಎಂದು ಗೊತ್ತಾಯಿತು. ದಿನಾ ಬೆಳಗ್ಗೆ ಸ್ಟೇಟಸ್ಸಿನಲ್ಲಿ ಒಂದು ಪ್ರಶ್ನೆ ಹಾಕತೊಡಗಿದೆ. ನಾನು ದಿನಾ ಸಂತೆಕಲ್ಲೂರಿಗೆ ಹೋಗುವ ಟಂಟಂ ಓಡಿಸುವ ಹಂಪಣ್ಣ ಅದನ್ನು ಗಾಡಿ ತುಂಬಿದ ಮೇಲೆ ಗಟ್ಟಿಯಾಗಿ ಓದುತ್ತಾನೆ. "ಅಕ್ಕೋರ ಪ್ರಶ್ನೆ ಕೇಳಿಲ್ದ ಗಾಡಿ ಚಾಲೂ ಮಾಡೂದಿಲ್ಲ," ಎಂದು ಅವನ ಹಟ. ಒಂದು ದಿನ ಪ್ರಶ್ನೆ ಇದು: ಹುಳಿ ಮಜ್ಜಿಗೆಯನ್ನು ತಾಮ್ರದ ಪಾತ್ರೆಯಲ್ಲಿ ಏಕೆ ಇಡಬಾರದು? ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡಿದ್ದ ಅಜ್ಜಿಯೊಬ್ಬಳು ಥಟ್ಟನೆ, "ಕಿಲುಬು ಏಳತೈತ್ಯವ್ವ! ಮಜ್ಜಿಗಿ ಹಸುರಾಗಿ ವಿಷ ಆಕೈತಿ. ಇದನ್ನ ಕಲ್ಯಾಕ ಸಾಲಿಗೆ ಹೋಗ್ಬೇಕೇನು?" ಎಂದಳು. ಗಾಡಿಯಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ನಾನು ಎರಡು ದಿನ ಬೋರ್ಡಿನ ಮೇಲೆ ಸಮೀಕರಣ ಬರೆದು ಹೇಳಿದ ಪಾಠ ಅದು! ಅಜ್ಜಿಗೆ ಒಪ್ಪಿಗೆಯೇ ಎಂದು ಕೇಳಿ ಇನ್ನೊಮ್ಮೆ ಹೇಳಿಸಿ ಗ್ರೂಪಿಗೆ ಕಳಿಸಿದೆ. ಕಿಲುಬಿಗೆ ಕಾರಣವಾದ ರಾಸಾಯನಿಕ ಕ್ರಿಯೆ ಅವತ್ತು ಮೂವತ್ತೆರಡು ಮಕ್ಕಳಿಗೂ ಅರ್ಥವಾಯಿತು.

ನಿನ್ನ ವಸೀಮಾ ಆಂಟಿ ಗೊತ್ತಲ್ಲ, ನನ್ನ ಜೊತೆ ಬಿ.ಎಡ್. ಓದಿದವಳು? ಈಗ ಸಾಲಗುಂದದಲ್ಲಿದ್ದಾಳೆ. ಅವಳಿಗೆ ಹೇಳಿದ್ದೇ ತಡ, ತನ್ನ ಮಕ್ಕಳನ್ನೂ ಗ್ರೂಪು ಮಾಡಿಸಿದಳು. ಅವರ ಕಡೆ ಕಾಲುವೆ ಇದೆಯಲ್ಲ, ಜೋಳದ ದಂಟು ತೇಲಿಬಿಟ್ಟು ನೀರಿನ ವೇಗ ಅಳೆದು ವಿಡಿಯೋ ಕಳಿಸಿದರು. ನಾನು ನಮ್ಮ ಗ್ರೂಪಿಗೆ ಹಾಕಿದೆ. ನಮ್ಮ ಮಕ್ಕಳ ಮೊದಲ ಪ್ರಶ್ನೆ ವೇಗದ್ದಲ್ಲ. "ಅಷ್ಟು ನೀರು ಎಲ್ಲಿಗೆ ಹೊಂಟೈತ್ರೀ ಟೀಚರ್? ನಮ್ಮೂರಿಗ್ಯಾಕ ಬರೂದಿಲ್ಲ?" ವಸೀಮಾ ಫೋನ್ ಮಾಡಿ, "ಇದಕ್ಕ ಉತ್ತರ ಯಾವ ಪುಸ್ತಕದಾಗೈತಿ ಹೇಳು ಮಾರಾಯ್ತಿ," ಎಂದಳು. ಭೂಗೋಳದ ಮೇಷ್ಟ್ರನ್ನು ಕರೆದು ಮೂರು ದಿನ ಎತ್ತರ, ಇಳಿಜಾರು, ಅಣೆಕಟ್ಟು ಎಂದು ಪಾಠ ಮಾಡಿಸಿದೆವು. ಮಕ್ಕಳು ಪೂರ್ತಿ ಒಪ್ಪಲಿಲ್ಲ. ಒಪ್ಪದಿದ್ದದ್ದೇ ನನಗೆ ಖುಷಿ.

ಇನ್ನು ಡಿಸೆಂಬರಿನ ಆ ಶನಿವಾರ. ಎತ್ತರವನ್ನು ನೆರಳಿನಿಂದ ಅಳೆಯುವ ಪಾಠ. ಯಾರು ಎಲ್ಲೇ ಇರಲಿ, ಮಧ್ಯಾಹ್ನ ಒಂದು ಗಂಟೆಗೆ ಒಂದು ಮೀಟರಿನ ಕೋಲು ನೆಟ್ಟು ಅದರ ನೆರಳು ಅಳೆಯಿರಿ, ಎದುರಿಗಿರುವ ಎತ್ತರದ ವಸ್ತುವಿನ ನೆರಳೂ ಅಳೆಯಿರಿ, ಲೆಕ್ಕ ಮಾಡಿ ಕಳಿಸಿರಿ ಎಂದು ಹೇಳಿದ್ದೆ. ಊರಿನ ಮಕ್ಕಳು ನೀರಿನ ಟಾಕಿ ಹಿಡಿದರು. ಶಿವಶರಣಪ್ಪನವರು ದೂರದಿಂದ ನೋಡುತ್ತ ನಿಂತಿದ್ದವರು, ಮಕ್ಕಳು ಟೇಪು ಸೊಟ್ಟಗೆ ಹಿಡಿದದ್ದನ್ನು ಕಂಡು ತಡೆಯಲಾರದೆ, "ಹಂಗಲ್ಲಲೇ, ಕೊಡ್ರಿಲ್ಲಿ," ಎಂದು ಪಂಚೆ ಎತ್ತಿ ಕಟ್ಟಿ ತಾವೇ ನೆಲಕ್ಕೆ ಕೂತರು!

ಗೋವಾದಲ್ಲಿದ್ದವನು ತೆಂಗಿನ ಮರ ಅಳೆದ. ಇನ್ನೊಬ್ಬಳು ಮೊಬೈಲ್ ಟವರು. ಯಮನೂರಮ್ಮ ಊಟದ ಬಿಡುವಿನಲ್ಲಿ ತಾವು ಕಟ್ಟುತ್ತಿದ್ದ ಕಟ್ಟಡವನ್ನೇ ಅಳೆದಳು. ಅವಳಪ್ಪ ನೆರಳಿನ ತುದಿಯಲ್ಲಿ ಕಾಲಿಟ್ಟು ಕಂಬದಂತೆ ನಿಂತಿದ್ದ. ಕೋಲಿನ ನೆರಳು ಎಂಬತ್ತು ಸೆಂಟಿಮೀಟರು, ಕಟ್ಟಡದ ನೆರಳು ಹತ್ತೊಂಬತ್ತು ಮೀಟರು. ಇಪ್ಪತ್ತಮೂರು ಮುಕ್ಕಾಲು ಮೀಟರ್ ಎಂದು ಇದ್ದಿಲಿನಿಂದ ಗೋಡೆಯ ಮೇಲೆ ಬರೆದಳು. ಅಲ್ಲಿಯ ಎಂಜಿನಿಯರ್ ಬಂದು ಏನು ಗದ್ದಲ ಎಂದು ಕೇಳಿದನಂತೆ. ನಕ್ಷೆ ಬಿಡಿಸಿ ನೋಡಿದರೆ ಇಪ್ಪತ್ನಾಲ್ಕು! "ಯಾರಮ್ಮ ಹೇಳಿಕೊಟ್ಟಿದ್ದು?" ಎಂದನಂತೆ. ಅವಳು ಫೋನ್ ಎತ್ತಿ ತೋರಿಸಿದಳಂತೆ. ಮಾಳಿಂಗರಾಯ ಅವತ್ತು ತಾನೇ ಗ್ರೂಪಿಗೆ ದನಿ ಕಳಿಸಿದ. "ಅಕ್ಕೋರ... ಇಪ್ಪತ್ನಾಕ್ರೀ," ಎಂದಷ್ಟೇ ಹೇಳಿ ನಿಲ್ಲಿಸಿದ. ಅದನ್ನು ನಾನು ಎಷ್ಟು ಸಲ ಕೇಳಿದೆನೋ!

ಜನವರಿ ಹೀಗೇ ಹಬ್ಬದ ಹಾಗೆ ಹೋಯಿತು. ಫೆಬ್ರುವರಿ ಬಿಡು.

ಮಾರ್ಚ್ ಮೊದಲ ವಾರ ನನಗೆ ಚಿಂತೆ ಹತ್ತಿತು. ಪಾಠ ಕೇಳುವುದು ಬೇರೆ, ಪರೀಕ್ಷೆಗೆ ಊರಿಗೆ ಬರುವುದು ಬೇರೆ. ಎಂಟು ಮನೆಯವರು ಹೂಂ ಎಂದರು. ಮಾಳಿಂಗರಾಯನೇ ತಕರಾರು ತೆಗೆದ. ಕಟ್ಟಡದ ಕೆಲಸ ಇನ್ನೂ ಎರಡು ತಿಂಗಳಿದೆ, ಸಣ್ಣ ಮಕ್ಕಳನ್ನು ಯಾರು ನೋಡಬೇಕು, ಎಂದ. "ಕಲ್ತಾಳಲ್ರೀ ಅಕ್ಕೋರ, ಮತ್ತ ಪರೀಕ್ಷಾ ಯಾಕ?" ಎಂದ. ನಾನು ಬೇಡಿದೆ, ಬೈದೆ, ಗಂಗಾದೇವಿಯ ಹತ್ತಿರ ಮಾತಾಡಿದೆ. "ನನ್ನ ಮಾತು ಎಲ್ಲಿ ನಡೀತೈತ್ರೀ?" ಎಂದಳು ಪಾಪ. ಒಂದು ವಾರ ಯಮನೂರಮ್ಮನ ಹಾಜರಿಯೂ ಬರಲಿಲ್ಲ.

ಅವಳನ್ನು ಊರಿಗೆ ಕರೆತಂದದ್ದು ನಾನಲ್ಲ, ಕಟ್ಟಡದ ಬಳಿ ಕೂಲಿಯವರು ಇರುವ ಶೆಡ್ಡಿನ ಜನ. ದಿನಾ ಸಂಜೆ ಅವಳು ಫೋನನ್ನು ಜೋರಾಗಿ ಹಚ್ಚಿ ಪಾಠ ಕೇಳುವಾಗ ಸುತ್ತಲಿನ ಶೆಡ್ಡಿನವರೂ ರೊಟ್ಟಿ ಬಡಿಯುತ್ತ, ಬಟ್ಟೆ ಒಗೆಯುತ್ತ ಕೇಳುತ್ತಿದ್ದರಂತೆ. ಮಾಳಿಂಗರಾಯ ಕಳಿಸುವುದಿಲ್ಲ ಎಂದದ್ದು ಗೊತ್ತಾಗಿ ಎಲ್ಲರೂ ಅವನ ಮೇಲೆ ಮುಗಿಬಿದ್ದರು. ಸಾಲಗುಂದ ಕಡೆಯ ಒಬ್ಬ ಮೇಸ್ತ್ರಿ, "ಅಕಿ ಪಾಠ ಕೇಳಿ ಕೇಳಿ ನಮಗ ಅರ್ಧ ಬಂದೈತಿ. ನಾವ ಬೇಕಾದ್ರ ಪರೀಕ್ಷಾ ಬರಿಯೋ ಹಂಗ ಆಗೇವಿ. ಅಕಿನ್ನ ಕಳಿಸಲ್ಲಂದ್ರ ಏನ್ ಮನಷ್ಯಾ ನೀ?" ಎಂದನಂತೆ. ಪಕ್ಕದ ಶೆಡ್ಡಿನಾಕೆ, "ಸಣ್ಣವು ನನ್ನ ಮಕ್ಕಳ ಜೊತೀಗೆ ಇರ್ತಾವು, ಹೋಗಿ ಬಾ," ಎಂದು ಮಕ್ಕಳನ್ನು ಎತ್ತಿಕೊಂಡೇಬಿಟ್ಟಳಂತೆ.

ಪರೀಕ್ಷೆಗೆ ಸ್ವಲ್ಪ ಮೊದಲು ಒಂದು ದಿನ ಬೆಳಗ್ಗೆ ಆರೂವರೆಗೆ ಬೆಂಗಳೂರು ಬಸ್ಸು ಲಿಂಗಸುಗೂರಿಗೆ ಬಂತು. ನಾನು ಐದೂವರೆಗೇ ಹೋಗಿ ನಿಂತಿದ್ದೆ. ಮೊದಲು ಅಪ್ಪ ಇಳಿದ, ಆಮೇಲೆ ಅವಳು. ಐದು ತಿಂಗಳಿಗೆ ಎಷ್ಟು ಎತ್ತರ ಬೆಳೆದಿದ್ದಾಳೆ! ಕಂಕುಳಲ್ಲಿ ಹಗ್ಗ ಕಟ್ಟಿದ ರಟ್ಟಿನ ಕಟ್ಟು. ಟೈಲ್ಸ್ ಡಬ್ಬಿಯ ರಟ್ಟುಗಳನ್ನು ಕತ್ತರಿಸಿ, ಗಾರೆಯವರ ದಪ್ಪ ಪೆನ್ಸಿಲ್ಲಿನಿಂದ ನನ್ನ ಪಾಠವನ್ನೆಲ್ಲ ಬರೆದಿಟ್ಟಿದ್ದಳು. ಎರಡು ನಿಮಿಷದ ಮಾತು ಇಷ್ಟು ಭಾರವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಎತ್ತಲು ಹೋಗಿ ವಾಲಿದೆ. "ಬಿಡ್ರಿ ಟೀಚರ್, ನನಗ ಇಟ್ಟಂಗಿ ಹೊತ್ತು ರೂಢಿ ಐತಿ," ಎಂದು ನಕ್ಕಳು.

ಒಂಬತ್ತು ಮಕ್ಕಳೂ ಬಂದರು, ಬರೆದರು. ಏಳು ಪಾಸು. ಉಳಿದಿಬ್ಬರಿಗೆ ಗಣಿತ ಉಳಿದಿದೆ. ಇದೇ ತಿಂಗಳ ಕೊನೆಗೆ ಎರಡನೇ ಪರೀಕ್ಷೆ ಇದೆ, ಇವತ್ತು ಬೆಳಗ್ಗೆ ಅವರಿಗೂ ಪಾಠ ಕಳಿಸಿದೆ. ಯಮನೂರಮ್ಮ ಲಿಂಗಸುಗೂರಿನ ಕಾಲೇಜಿಗೆ ವಿಜ್ಞಾನಕ್ಕೆ ಸೇರುತ್ತಾಳೆ, ಹಾಸ್ಟೆಲ್ಲಿಗೆ ಅರ್ಜಿ ತುಂಬಿದ್ದೇವೆ. ಮಾಳಿಂಗರಾಯ ಸಹಿ ಹಾಕುವಾಗ, "ಇಷ್ಟು ಎತ್ತರ ಅಕ್ಕಾಳ ಅಂತ ನಾ ಅಳದಿದ್ದಿಲ್ರೀ," ಎಂದ.

ಇನ್ನೊಂದು ಸುದ್ದಿ. ಹದಿನೇಳನೇ ತಾರೀಖು ಶನಿವಾರ ಸಿಂಧನೂರಿನಲ್ಲಿ ಶಿಕ್ಷಕರ ತರಬೇತಿ. ಮೂರು ತಾಲ್ಲೂಕಿನವರು ಸೇರುತ್ತಾರೆ. "ಆನ್‌ಲೈನ್ ತರಗತಿಯಲ್ಲಿ ಸಾಮಾಜಿಕ ಜಾಲತಾಣಗಳ ಬಳಕೆ" ಎಂದು ವಿಷಯ, ಮಾತಾಡುವವಳು ನಿಮ್ಮವ್ವ! ವಸೀಮಾ ನನ್ನ ಹೆಸರು ಕೊಟ್ಟುಬಂದಿದ್ದಾಳೆ. ನಲವತ್ತೈದು ನಿಮಿಷವಂತೆ. ಎರಡು ನಿಮಿಷಕ್ಕೆ ಒಗ್ಗಿದ ಬಾಯಿಗೆ ನಲವತ್ತೈದು ನಿಮಿಷ ಎಲ್ಲಿಂದ ತರಲಿ? ನಿಮ್ಮಪ್ಪ ಆಗಲೇ ಅವತ್ತು ಅಂಗಡಿ ಬಂದ್ ಎಂದು ಸಾರಿದ್ದಾರೆ.

ಕೈ ನೋಯುತ್ತಿದೆ, ಹಾಳೆಯೂ ಮುಗಿಯಿತು. ಹೊತ್ತುಹೊತ್ತಿಗೆ ಊಟ ಮಾಡು. ಬಿಸಿಲಿಗೆ ಬರಿತಲೆಯಲ್ಲಿ ಹೋಗಬೇಡ. ನಿನ್ನ ಓದು ನಿನ್ನ ಮನಸ್ಸಿನಂತೆ ಸಾಗಲಿ, ನೀನು ಹೋದಲ್ಲಿ ನಿನಗೆ ಒಳ್ಳೆಯ ಜನ ಸಿಗಲಿ.

ನಿನ್ನ ಅವ್ವ,
ಶಿವಲಿಂಗಮ್ಮ

ತಾ.ಕ. ಲಕೋಟೆ ಅಂಟಿಸಿ ಆಗಿತ್ತು. ಮತ್ತೆ ಬಿಚ್ಚಿದ್ದೇನೆ.

ನಿನ್ನೆ ವಸೀಮಾ ಭಾಷಣದ ಬಗ್ಗೆ ಮಾತಾಡುತ್ತ, "ಗ್ರೂಪಿನ್ಯಾಗ ಏನ್ ಹಾಕಬೇಕಂತ ಎಲ್ಲಾರೂ ಹೇಳ್ತಾರ. ಏನ್ ಹಾಕಬಾರದು, ಅದನ್ನ ನೀ ಹೇಳು," ಎಂದಳು. ನಾನು ಹಾಲು ಉಕ್ಕಿತೆಂದು ಸುಳ್ಳು ಹೇಳಿ ಫೋನ್ ಇಟ್ಟೆ.

ಫೆಬ್ರುವರಿಯಲ್ಲಿ ಪವನನಿಂದ ಒಂದು ಮಾತಾದರೂ ಆಡಿಸಬೇಕೆಂಬ ಹಟ ಬಂತು ನನಗೆ. ನೀನು ಒಂಬತ್ತು ವರ್ಷದವಳಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಪಾಠ ಓದಿದ ವಿಡಿಯೋ ಇತ್ತಲ್ಲ. 'ಕ'ಗೆ ಬಂದು ತೊಡರಿ, ಅತ್ತು, ಕಾಲು ನೆಲಕ್ಕೆ ಬಡಿದು, ಕೊನೆಗೂ ಪೂರ್ತಿ ಓದಿದ್ದೆಯಲ್ಲ. ಅದನ್ನು ಗ್ರೂಪಿಗೆ ಹಾಕಿದೆ. "ಇವಳು ನನ್ನ ಮಗಳು. ಇವತ್ತು ಎಂ.ಎಸ್ಸಿ. ಓದುತ್ತಿದ್ದಾಳೆ, ನೂರು ಜನರ ಮುಂದೆ ಮಾತಾಡುತ್ತಾಳೆ. ನೀನೂ ಮಾತಾಡು ಪವನ," ಎಂದು ಬರೆದೆ. ಎಲ್ಲರೆದುರು ಅವನ ಹೆಸರನ್ನೂ ಬರೆದೆ.

ಯಾರ ಮನೆಯ ಫೋನಿನಿಂದ ಅದು ಹೊರಗೆ ಹೋಯಿತೋ ತಿಳಿಯಲಿಲ್ಲ. ವಾರದ ಮೇಲೆ ಶಾಲೆಯಲ್ಲಿ ಒಬ್ಬರು ಫೋನ್ ತೋರಿಸಿ, "ನಿಮ್ಮ ರೂಪಾ ಸಣ್ಣಾಕಿದ್ದಾಗಿಂದು, ಎರಡು ಲಕ್ಷ ಮಂದಿ ನೋಡ್ಯಾರ್ರೀ," ಎಂದರು. ಪಕ್ಕದಲ್ಲಿ ತರಗತಿ ನಡೆದಿತ್ತು, ಸದ್ದು ಬಂದ್ ಮಾಡಿಯೇ ನೋಡಿದೆ. ನನಗೆ ಖುಷಿಯಾಯಿತು ರೂಪಾ. ನಿಮ್ಮಪ್ಪನಿಗೆ ಫೋನ್ ಮಾಡಿ ಎರಡು ಲಕ್ಷ ಎಂದು ಹೇಳಿದೆ ಕೂಡ. ಸಂಜೆ ಟಂಟಂನಲ್ಲಿ ಕಿವಿಗೆ ಹಿಡಿದಾಗ ಕೇಳಿತು. ನೀನು ತೊಡರಿದ ಒಂದೊಂದು ಅಕ್ಷರಕ್ಕೂ ಹಿಂದಿನಿಂದ ನಗೆಯ ಸದ್ದು ಸೇರಿಸಿದ್ದರು.

ತೆಗೆಸಲು ಓಡಾಡಿದೆ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಬಂತು. ಅಷ್ಟರಲ್ಲಿ ಅದು ನಿನ್ನ ಹಾಸ್ಟೆಲ್ಲಿಗೂ ಬಂದಿತ್ತು. ಮೆಸ್ಸಿನಲ್ಲಿ ಯಾರೋ ನಿನ್ನಂತೆ ಮಾತಾಡಿ ತೋರಿಸಿದರೆಂದೂ, ಮರುದಿನ ಸೆಮಿನಾರಿನಲ್ಲಿ ನಿನಗೆ ಬಾಯೇ ಬರಲಿಲ್ಲವೆಂದೂ ನಿಮ್ಮಪ್ಪನಿಂದ ತಿಳಿಯಿತು. ಹನ್ನೆರಡು ವರ್ಷ ಕಷ್ಟಪಟ್ಟು ಹೊರಬಂದಿದ್ದೆ, ನಾನೇ ಮತ್ತೆ ಒಳಗೆ ನೂಕಿದೆ. ಕೊನೆಯ ಸಲ ಮಾತಾಡಿದಾಗ, "ಅವ್ವಾ, ನನ್ನ ಒಂದ್ ಮಾತು ಕೇಳಿದ್ದೇನು?" ಎಂದು ಕೇಳಿದೆ ನೀನು. ನಾನು, "ಒಳ್ಳೇದಕ್ಕಂತ ಮಾಡಿದ್ನವ್ವ, ಹಿಂಗಾಕ್ಕೈತಿ ಅಂತ ಗೊತ್ತಿದ್ದಿಲ್ಲ," ಎಂದೆ. ನೀನು ಫೋನ್ ಇಟ್ಟೆ.

ಪವನ ನಾನು ವಿಡಿಯೋ ಹಾಕಿದ ದಿನವೇ ಗ್ರೂಪು ಬಿಟ್ಟ. ನಿನ್ನೆ ಮನೆ ಬಾಗಿಲಿಗೆ ಬಂದಿದ್ದ. ಪಾಸಾಗಿದ್ದಾನೆ. ಕುತ್ತಿಗೆಯ ನರ ಉಬ್ಬಿಸಿ, "ಟೀಚರ್, ನ... ನನ್ ಸಲುವಾಗಿ ಆತು. ಅಕ್ಕಗ ತ... ತಪ್ಪಾತು ಅಂತ ಹೇಳ್ರಿ," ಎಂದ. ಅವನ ತಪ್ಪೇನಿದೆ ಹೇಳು? ಒಳಗೆ ಕರೆದು ಕೂಡಿಸಿಕೊಂಡೆ. ಬುಧವಾರದಿಂದ ದಿನಾ ಅವನ ಮನೆಗೇ ಹೋಗಿ ಜೊತೆಗೆ ಕೂತು ಓದುತ್ತೇನೆ. ಫೋನ್ ಒಯ್ಯುವುದಿಲ್ಲ.

ಈ ವಿಡಿಯೋದ ಮಾತನ್ನು, ನಿನ್ನ ಹೆಸರಿಲ್ಲದೆ, ಸಿಂಧನೂರಿನಲ್ಲಿ ಹೇಳಬೇಕೆಂದಿದ್ದೇನೆ. ಹೇಳಲೋ ಬೇಡವೋ? ನೀನು ಬೇಡ ಎಂದರೆ ಬೇಡ. ಉತ್ತರ ಬರದಿದ್ದರೂ ಬೇಡವೆಂದೇ ತಿಳಿಯುತ್ತೇನೆ.

ಎಲ್ಲರ ಹತ್ತಿರವೂ ಗೊತ್ತಿರಲಿಲ್ಲ, ಗೊತ್ತಿರಲಿಲ್ಲ ಎಂದೇ ಹೇಳಿಕೊಂಡು ಬಂದಿದ್ದೇನೆ. ನಿನಗೊಬ್ಬಳಿಗೆ ನಿಜ ಬರೆಯುತ್ತೇನೆ. ಆ ವಿಡಿಯೋ ಕಳಿಸುವ ಮೊದಲು ನಿನಗೆ ಫೋನ್ ಮಾಡಲೆಂದು ನಂಬರ್ ತೆಗೆದಿದ್ದೆ. ಕೇಳಿದರೆ ಬೇಡ ಅನ್ನುತ್ತೀ ಎಂದು ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.